ಜ್ಞಾನಮುತ್ತು ಮಾಸ್ಟರ ಕಣ್ಣಿನ ಬಣ್ಣ

ಸತ್ತವರ ಕಣ್ಣು ತೆರೆಸುವುದು ನನ್ನ ಕೆಲಸವಾಗಿತ್ತು. ಹೀಗೆಂದರೆ ಹೊಸಬರು ಬೆಚ್ಚಿಬೀಳುತ್ತಾರೆ, ಆದ್ದರಿಂದ ಮೊದಲೇ ಬಿಡಿಸಿ ಹೇಳಿಬಿಡುತ್ತೇನೆ. ನಾನು ಶಿವಾಜಿನಗರದ ಒಂದು ಫೋಟೊ ಸ್ಟುಡಿಯೊದಲ್ಲಿ ಚಿತ್ರಗಾರ್ತಿಯಾಗಿದ್ದೆ. ಕಪ್ಪು-ಬಿಳುಪು ಫೋಟೊಗಳಿಗೆ ಕೈಯಿಂದ ಬಣ್ಣ ಹಾಕುವುದು, ಕಲೆ ತೆಗೆಯುವುದು, ಹರಿದದ್ದನ್ನು ಕೂಡಿಸುವುದು ನಮ್ಮ ಕಸುಬು. ಆಗೆಲ್ಲ ಎಷ್ಟೋ ಮನೆಗಳಲ್ಲಿ ಹಿರಿಯರು ಬದುಕಿದ್ದಾಗ ಒಂದು ಫೋಟೊ ಕೂಡ ತೆಗೆಸಿರುತ್ತಿರಲಿಲ್ಲ. ಸತ್ತ ದಿನ ದೇಹವನ್ನು ಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ, ಫೋಟೊ ತೆಗೆಯುವವನನ್ನು ಕರೆಸುತ್ತಿದ್ದರು. ಕಣ್ಣು ಮುಚ್ಚಿದ ಆ ಫೋಟೊ ಆಮೇಲೆ ನಮ್ಮ ಮೇಜಿಗೆ ಬರುತ್ತಿತ್ತು. ಗೋಡೆಗೆ ಹಾಕಬೇಕು, ಕಣ್ಣು ತೆರೆದ ಹಾಗೆ ಮಾಡಿಕೊಡಿ ಎಂದು ಮನೆಯವರು ಕೇಳುತ್ತಿದ್ದರು.

ನಾನು ಕೊನೆಗೆ ಕೆಲಸ ಮಾಡಿ ನಿವೃತ್ತಳಾದದ್ದು ಇಂದಿರಾನಗರದ ಒಂದು ಡಿಜಿಟಲ್ ಅಂಗಡಿಯಲ್ಲಿ. ಈಚೆಗೆ ಅಲ್ಲಿಗೆ ಹೋಗಿದ್ದಾಗ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಒಂದು ಗುಂಡಿ ಒತ್ತಿ, ಮುಚ್ಚಿದ ಕಣ್ಣು ತಾನೇ ತೆರೆದುಕೊಳ್ಳುವುದನ್ನು ತೋರಿಸಿದರು. ಕಣ್ಣು ಹೇಗಿರಬಹುದೆಂದು ಯಂತ್ರವೇ ಊಹಿಸುತ್ತದಂತೆ. ಹಿಂದೆ ಇದನ್ನೆಲ್ಲ ಕೈಯಲ್ಲಿ ಹೇಗೆ ಮಾಡುತ್ತಿದ್ದಿರಿ, ಬರೆದುಕೊಡಿ ಮೇಡಂ ಎಂದು ಕೇಳಿದರು. ಬರೆಯುತ್ತಿದ್ದೇನೆ. ಬಡ್ತಿ, ಇನ್‌ಕ್ರಿಮೆಂಟು ಇವುಗಳ ಪುರಾಣ ಬೇಡ, ಅವು ಎಲ್ಲರಿಗೂ ಆಗುತ್ತವೆ. ನನಗೆ ಕೆಲಸ ಕಲಿಸಿದ ಒಬ್ಬ ಚಿತ್ರಗಾರರ ಬಗ್ಗೆ ಹೇಳಬೇಕು, ಅವರಿಗೆ ನಾನು ಮಾಡಿದ ಒಂದು ತಪ್ಪಿನ ಬಗ್ಗೆಯೂ ಹೇಳಬೇಕು. ಎರಡನೆಯದನ್ನು ಹೇಳುವ ಧೈರ್ಯ ಬರಲಿ ಎಂದೇ ಮೊದಲನೆಯದನ್ನು ಸ್ವಲ್ಪ ಎಳೆಯಬಹುದು, ಸಹಿಸಿಕೊಳ್ಳಿ.

ಸ್ಟುಡಿಯೊ ಇದ್ದದ್ದು ರಸೆಲ್ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ, ಒಂದು ಬಟ್ಟೆ ಅಂಗಡಿಯ ಮೇಲೆ. ಯಜಮಾನರು ಅನ್ವರ್ ಸಾಹೇಬರು. ಫ್ರೇಜರ್ ಟೌನಿನ ಮನೆಯಿಂದ ಬೆಳಿಗ್ಗೆ ಬಂದು ಕೆಳಗಿನ ಕೌಂಟರಿನಲ್ಲಿ ಕೂತರೆ ಗಿರಾಕಿ ಯಾವ ಭಾಷೆಯಲ್ಲಿ ಬೈದರೂ ಅದೇ ಭಾಷೆಯಲ್ಲಿ ಸಮಾಧಾನ ಮಾಡುತ್ತಿದ್ದರು. ನನಗಾಗ ಇಪ್ಪತ್ತೆರಡು. ಚಿತ್ರಕಲಾ ಶಾಲೆಯ ಡಿಪ್ಲೊಮಾ ಮುಗಿಸಿ, ನಾನೇ ಜಗತ್ತಿಗೆ ಬಣ್ಣ ತಂದುಕೊಟ್ಟವಳು ಎಂಬ ಠೀವಿಯಲ್ಲಿ ಕೆ.ಆರ್. ಪುರದಿಂದ ಬಸ್ಸು ಹತ್ತಿ ಬಂದಿದ್ದೆ. ಸಾಹೇಬರು ನನ್ನ ಚಿತ್ರಗಳ ಕಟ್ಟನ್ನು ಬಿಚ್ಚಿಯೂ ನೋಡಲಿಲ್ಲ. ಮೇಲೆ ಹೋಗಿ ಮಾಸ್ಟರನ್ನು ಕಾಣು ಎಂದರು.

ಮೇಲಿನ ಕೋಣೆಯಲ್ಲಿ ಉತ್ತರದ ಕಿಟಕಿಗೆ ಅಡ್ಡಲಾಗಿ ಒಂದು ಉದ್ದ ಮೇಜು. ಅದರ ಮುಂದೆ ಬೆನ್ನು ಬಗ್ಗಿಸಿ ಕೂತಿದ್ದವರು ಜ್ಞಾನಮುತ್ತು ಮಾಸ್ಟರ್. ತೆಳ್ಳಗಿನ ದೇಹ, ತೋಳು ಮಡಿಸಿದ ಬಿಳಿ ಅಂಗಿ, ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ ಕಪ್ಪು ಭೂತಗನ್ನಡಿ. ಹಲಸೂರಿನವರು. ಮೂರು ತಲೆಮಾರಿನಿಂದ ಬೌದ್ಧರಾದ ತಮಿಳು ಮನೆತನ. ಅವರು ನನ್ನ ಕಡೆ ತಿರುಗದೆಯೇ ಎಡಗಡೆಯ ಸ್ಟೂಲು ತೋರಿಸಿದರು. ಆ ಸ್ಟೂಲಿನಲ್ಲಿ ನಾನು ಹದಿನಾರು ವರ್ಷ ಕೂತೆ. ಕೂತು ನೋಡಿದ್ದು ಅವರ ಕೈಯನ್ನು. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಎಂಥ ಕೈ ಅದು. ಕಡ್ಡಿಗೆ ಹತ್ತಿ ಸುತ್ತಿ, ತುದಿಗೆ ಸಾಸಿವೆಯಷ್ಟು ಬಣ್ಣ ಮುಟ್ಟಿಸಿ ಮುಖದ ಮೇಲೆ ತೀಡುತ್ತಿದ್ದರು. ಮೊದಲು ಕೊಡುತ್ತಿದ್ದದ್ದು ತೆಳು ಹಸಿರು. ಚಿತ್ರಕಲಾ ಶಾಲೆಯಲ್ಲಿ ಕಲಿತ ನನಗೆ ಅದು ಹುಚ್ಚಾಟವೆನಿಸಿತು. ಮನುಷ್ಯರ ಮುಖಕ್ಕೆ ಹಸಿರೇ? ಆದರೆ ಅದರ ಮೇಲೆ ಗೋಧಿ ಬಣ್ಣ, ಅದರ ಮೇಲೆ ಕೆನ್ನೆಗಷ್ಟೇ ಒಂದಿಷ್ಟು ಕೆಂಪು ಬಂದಾಗ ಕಾಗದ ಹೋಗಿ ಚರ್ಮ ಕಾಣಿಸುತ್ತಿತ್ತು. ನಾನು ಹಸಿರಿಲ್ಲದೆ ನೇರವಾಗಿ ಗುಲಾಬಿ ಬಳಿದ ಮುಖಗಳು ಮಿಠಾಯಿ ಅಂಗಡಿಯ ಬರ್ಫಿಯಂತಿರುತ್ತಿದ್ದವು. ಅವರು ನನ್ನನ್ನು ಒಮ್ಮೆಯೂ ಗದರಲಿಲ್ಲ. ನನ್ನ ಬರ್ಫಿಯನ್ನು ತಮ್ಮ ಕೆಲಸದ ಪಕ್ಕ ಇಟ್ಟು, ಟೀ ಕುಡಿಯಲು ಎದ್ದು ಹೋಗುತ್ತಿದ್ದರು. ಬೈಸಿಕೊಂಡಿದ್ದರೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಇನ್ನೊಂದು ಅಭ್ಯಾಸವಿತ್ತು. ಬಣ್ಣ ಕಲಸಲು ಅವರ ಬಳಿ ಒಂದು ಬಿಳಿ ಪಿಂಗಾಣಿ ತಟ್ಟೆ, ಅಂಚು ಸ್ವಲ್ಪ ಚಕ್ಕೆ ಎದ್ದದ್ದು. ಒಂದು ಮುಖ ಮುಗಿದ ಕೂಡಲೇ ಉಳಿದ ಬಣ್ಣ ಎಷ್ಟೇ ಇರಲಿ, ತಟ್ಟೆಯನ್ನು ಎಣ್ಣೆ ಹಾಕಿ ಒರೆಸಿ, ಸೋಪಿನಲ್ಲಿ ತೊಳೆದು, ಒಣಗಿಸಿ ಮುಂದಿನ ಮುಖಕ್ಕೆ ಕೈಹಾಕುತ್ತಿದ್ದರು. ಎರಡೂ ಗೋಧಿ ಬಣ್ಣವೇ ಅಲ್ಲವೇ ಮಾಸ್ಟರ್, ಯಾಕೆ ಬಿಸಾಡ್ತೀರಿ ಎಂದು ಒಮ್ಮೆ ಕೇಳಿದೆ.

"ಒಬ್ರ ಮುಖದ ಬಣ್ಣ ಇನ್ನೊಬ್ರ ಮುಖಕ್ಕೆ ಹೋಗ್ಬಾರ್ದಮ್ಮಾ" ಎಂದರು. "ಅವ್ರದ್ದು ಅವ್ರಿಗೆ."

ಕಣ್ಣಿನ ವಿಷಯದಲ್ಲಂತೂ ಅವರದು ಕೋರ್ಟಿನ ಶಿಸ್ತು. ಕಪ್ಪು-ಬಿಳುಪು ಫೋಟೊ ಬಣ್ಣ ಹೇಳುವುದಿಲ್ಲ, ಮುಚ್ಚಿದ ರೆಪ್ಪೆ ಏನನ್ನೂ ಹೇಳುವುದಿಲ್ಲ. ಆದ್ದರಿಂದ ಕಣ್ಣಿಗೆ ಸಾಕ್ಷಿ ಬೇಕು ಎನ್ನುತ್ತಿದ್ದರು. ಕಿಟಕಿಯ ಬಳಿ ಒಂದು ಬೆತ್ತದ ಕುರ್ಚಿ ಇತ್ತು. ಸತ್ತವರ ಅಣ್ಣನೋ ತಂಗಿಯೋ ಮಗಳೋ, ಕಣ್ಣಿನಲ್ಲಿ ಹೋಲಿಕೆ ಇರುವವರು ಯಾರಾದರೂ ಬಂದು ಅದರಲ್ಲಿ ಕೂರಬೇಕು. ಮಾಸ್ಟರ್ ಅವರ ಕಣ್ಣು ನೋಡುತ್ತ ಕೇಳುತ್ತ ಬರೆಯುತ್ತಿದ್ದರು. ಅವರದು ಇಷ್ಟೇ ಕಪ್ಪೋ, ಇನ್ನೂ ತಿಳಿಯೋ? ರೆಪ್ಪೆ ಹೀಗೆ ಇಳಿದಿತ್ತೋ? ನಗುವಾಗ ಯಾವ ಕಣ್ಣು ಮೊದಲು ಚಿಕ್ಕದಾಗುತ್ತಿತ್ತು? ಬ್ಲೇಡಿನ ಮೂಲೆಯಿಂದ ಕಾಗದದ ಮೇಲಿನ ರೆಪ್ಪೆಯನ್ನು ಹೆರೆದು, ಕೂದಲೆಳೆಯಂಥ ಕುಂಚದಲ್ಲಿ ಪಾಪೆ ಬರೆದು, ಕೊನೆಗೆ ಬೆಳಕಿನ ಚುಕ್ಕಿ ಇಡುತ್ತಿದ್ದರು. ಆ ಚುಕ್ಕಿ ಬೀಳುವವರೆಗೆ ಕೂತವರು ಉಸಿರು ಬಿಗಿಹಿಡಿದಿರುತ್ತಿದ್ದರು. ಬಿದ್ದ ಮೇಲೆ ಅಳುತ್ತಿದ್ದರು.

"ಲಲಿತಾ, ಇಂಗೆ ಪಾರು, ಇಲ್ಲಿ ನೋಡು" ಎಂದು ನನ್ನನ್ನು ಕರೆದು ತೋರಿಸುತ್ತಿದ್ದರು. "ಎರಡು ಕಣ್ಣೂ ಒಂದೇ ಥರ ಬರೆದ್ರೆ ಬೊಂಬೆ ಆಗ್ಬಿಡ್ತದೆ. ಮನುಷ್ಯಂಗೆ ಒಂದು ಕಣ್ಣು ಯಾವಾಗ್ಲೂ ಸ್ವಲ್ಪ ದಣಿದಿರ್ತದೆ."

ಶಿವಾಜಿನಗರದ ಒಂದು ಮಟನ್ ಅಂಗಡಿಯ ಐವರು ಅಣ್ಣತಮ್ಮಂದಿರು ತಂದೆಯ ಫೋಟೊ ತಂದಿದ್ದು ನೆನಪಿದೆ. ಅಬ್ಬಾನ ಕಣ್ಣು ಕಪ್ಪು ಎಂದು ಇಬ್ಬರು, ಕಂದು ಎಂದು ಇಬ್ಬರು, ಐದನೆಯವನು ಎರಡೂ ಪಕ್ಷಕ್ಕೆ ತಲೆಯಾಡಿಸುವವನು. ದಖ್ಖನಿಯಲ್ಲಿ ಜಗಳ ಜೋರಾಗಿ ಕೆಳಗಿನ ಬಟ್ಟೆ ಅಂಗಡಿಯವರು ಬಂದು ಇಣುಕಿದರು. ಅಷ್ಟರಲ್ಲಿ ಮೆಟ್ಟಿಲ ಬಳಿ ಸುಮ್ಮನೆ ನಿಂತಿದ್ದ ಅವರ ಅಕ್ಕ ಬಂದು ಬುರ್ಖಾದ ಮುಸುಕು ಸರಿಸಿ ಕುರ್ಚಿಯಲ್ಲಿ ಕೂತಳು. ಐವರೂ ಅವಳ ಮುಖ ನೋಡಿ ಬಾಯಿ ಮುಚ್ಚಿದರು. ಅಷ್ಟು ವರ್ಷ ಅಪ್ಪನ ಕಣ್ಣು ಮನೆಯಲ್ಲೇ ಓಡಾಡಿಕೊಂಡಿತ್ತು, ಯಾರೂ ಗಮನಿಸಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಳ್ಳಲ್ಲ.

ನನ್ನ ಮೊದಲ ದೊಡ್ಡ ಎಡವಟ್ಟು ನಡೆದದ್ದು ಗರುಡಾಚಾರ್‌ಪಾಳ್ಯದ ಒಂದು ಕುಟುಂಬದ ಕೆಲಸದಲ್ಲಿ. ಮಾಸ್ಟರಿಗೆ ಜ್ವರ, ಬಂದಿರಲಿಲ್ಲ. ಸತ್ತ ತಾಯಿಯ ಫೋಟೊ ತಂದ ಇಬ್ಬರು ಹೆಣ್ಣುಮಕ್ಕಳು ಕೂರಬೇಕೇ ಎಂದು ಕೇಳಿದರು. ಎಮ್ಮೆ ಹಾಲು ಕರೆಯುವ ಹೊತ್ತಿಗೆ ಊರು ಮುಟ್ಟಬೇಕೆಂಬ ಅವಸರ ಅವರಿಗೆ, ನನ್ನ ಕೈಚಳಕ ತೋರಿಸುವ ಅವಸರ ನನಗೆ. ಬೇಡ ಹೋಗಿ ಎಂದು ಕಳಿಸಿಬಿಟ್ಟೆ. ಕ್ಯಾಲೆಂಡರಿನ ಲಕ್ಷ್ಮಿಗೆ ಇರುವಂಥ ದೊಡ್ಡ ಕಣ್ಣು ಬರೆದೆ. ನನಗೇ ಹೆಮ್ಮೆಯಾಗುವಷ್ಟು ಚೆನ್ನಾಗಿತ್ತು. ವಾರದ ಮೇಲೆ ಬಂದ ದೊಡ್ಡ ಮಗಳು ಫೋಟೊವನ್ನು ಬಹಳ ಹೊತ್ತು ನೋಡಿ, ಕೈಮುಗಿದು, ಮೇಜಿನ ಮೇಲೆ ವಾಪಸು ಇಟ್ಟಳು.

"ದೇವ್ರ ಥರ ಅವ್ಳೆ ಕಣವ್ವಾ" ಎಂದಳು. "ನಮ್ಮವ್ವ ಅಲ್ಲ."

ಅಷ್ಟು ಹೊತ್ತಿಗೆ ಮಾಸ್ಟರ್ ಚೇತರಿಸಿಕೊಂಡು ಕೆಲಸಕ್ಕೆ ಬಂದಿದ್ದರು. ನನ್ನ ಲಕ್ಷ್ಮಿಯ ಕಣ್ಣನ್ನು ಹತ್ತಿಯಿಂದ ಅಳಿಸಿ, ಆ ಹೆಂಗಸನ್ನು ಕುರ್ಚಿಯಲ್ಲಿ ಕೂರಿಸಿದರು. ಎರಡು ದಿನ ಅವಳನ್ನು ಕರೆಸಿಕೊಂಡರು. ಅನ್ವರ್ ಸಾಹೇಬರು ಕೆಳಗಿನಿಂದ "ಕ್ಯಾ ಮಾಸ್ಟರ್, ಒಂದು ಜೊತೆ ಕಣ್ಣಿಗೆ ಎರಡು ದಿವ್ಸ?" ಎಂದು ಗೊಣಗಿದ್ದಕ್ಕೆ, ಆ ಕಣ್ಣು ಹಾಗಾಗಲು ಅವರಮ್ಮನಿಗೆ ಅರವತ್ತು ವರ್ಷ ಹಿಡಿದಿತ್ತು ಎಂದು ಉತ್ತರ ಹೋಯಿತು. ಮಾಸ್ಟರ್ ಬರೆದ ಕಣ್ಣು ಚಿಕ್ಕವು, ಹೊಗೆಯಲ್ಲಿ ಸವೆದವು, ಒಂದರ ರೆಪ್ಪೆ ಸ್ವಲ್ಪ ಜೋತದ್ದು. ಚೆಂದ ಎನ್ನಲು ಅದರಲ್ಲಿ ಏನೂ ಇರಲಿಲ್ಲ. ಮಗಳು ಅದನ್ನು ನೋಡಿದವಳೇ ನೆಲದ ಮೇಲೆ ಕೂತುಬಿಟ್ಟಳು. ಚಿತ್ರಕಲೆಯ ಬಗ್ಗೆ ನಾನು ಕಲಿತದ್ದರಲ್ಲಿ ಮುಕ್ಕಾಲು ಪಾಲು ಆವತ್ತಿನದು.

ಮಾಸ್ಟರನ್ನು ಯಾರೂ ದೊಡ್ಡ ಕಲಾವಿದರೆಂದು ಕರೆಯಲಿಲ್ಲ. ಅವರ ಸಹಿ ಯಾವ ಚಿತ್ರದ ಮೇಲೂ ಇಲ್ಲ, ಇರುವುದು ಸ್ಟುಡಿಯೊದ ಮೊಹರು. ಆದರೆ ಹಲಸೂರಿನಿಂದ ಕೆ.ಆರ್. ಪುರದವರೆಗೆ ನಡುಮನೆಯ ಗೋಡೆಗಳಿಂದ ಇಂದಿಗೂ ಕೆಳಗೆ ನೋಡುತ್ತಿರುವ ಅಜ್ಜ ಅಜ್ಜಿಯರಲ್ಲಿ ಎಷ್ಟೋ ಜನ ಅವರ ಕುಂಚದಿಂದ ನೋಡುತ್ತಿದ್ದಾರೆ. ನನ್ನ ಕೈಯಲ್ಲಿ ಏನಾದರೂ ಒಳ್ಳೆಯದಿದ್ದರೆ ಅದು ಅವರಿಂದ ಬಂದದ್ದು. ಕೆಟ್ಟದ್ದು ನಾನೇ ಸಂಪಾದಿಸಿದ್ದು.

ಆಮೇಲೆ ಕಂಪ್ಯೂಟರ್ ಬಂತು. ಸಾಹೇಬರು ನಮ್ಮಿಬ್ಬರನ್ನೂ ಕಲಿಯಲು ಕಳಿಸಿದರು. ನಾನು ತಿಂಗಳಲ್ಲಿ ಹಿಡಿತ ಸಾಧಿಸಿದೆ. ಮಾಸ್ಟರ್ ನಾಲ್ಕು ದಿನ ಮೌಸು ಹಿಡಿದು, ಇದಕ್ಕೆ ಕೈಯ ಒತ್ತಡ ತಿಳಿಯುವುದಿಲ್ಲ ಎಂದು ಬಿಟ್ಟರು. ಬಣ್ಣ ಹಾಕಿಸುವವರು ಕಡಿಮೆಯಾದರು, ಕಣ್ಣು ತೆರೆಸುವವರು ಮಾತ್ರ ಬರುತ್ತಲೇ ಇದ್ದರು. ಈಗ ಕಣ್ಣು ಬರೆಯಬೇಕಾಗಿರಲಿಲ್ಲ. ಪಾಸ್‌ಪೋರ್ಟ್ ಫೋಟೊ ತೆಗೆಸಿಕೊಂಡವರ ಕಣ್ಣುಗಳನ್ನು ಕತ್ತರಿಸಿ ನಾನು ಒಂದು ಫೋಲ್ಡರ್ ಮಾಡಿಟ್ಟುಕೊಂಡಿದ್ದೆ. ಗಂಡಸರು, ಹೆಂಗಸರು, ವಯಸ್ಸಾದವರು ಎಂದು ವಿಂಗಡಣೆ ಬೇರೆ. ಯಾವ ಮುಖ ಬಂದರೂ ಹತ್ತಿರದ್ದೊಂದು ಜೋಡಿ ಆರಿಸಿ ಕೂರಿಸಿದರೆ ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತಿತ್ತು. ಸಾಹೇಬರಿಗೆ ಆನಂದವೋ ಆನಂದ.

ಒಂದು ಮಧ್ಯಾಹ್ನ ಮಾಸ್ಟರ್ ನನ್ನ ಹಿಂದೆ ಬಂದು ನಿಂತು ಇದನ್ನು ನೋಡಿದರು.

"ಇದು ಯಾರ ಕಣ್ಣು?" ಎಂದರು.

"ಯಾರದೋ ಮಾಸ್ಟರ್. ಚೆನ್ನಾಗ್ ಕೂತ್ಕೊಂಡಿದೆ ಅಲ್ವಾ?"

ಅವರು ತಮ್ಮ ಮೇಜಿಗೆ ಹಿಂತಿರುಗಿದರು. ಆ ತಿಂಗಳ ಕೊನೆಗೆ ಕೆಲಸ ಬಿಟ್ಟರು. ಹೋಗುವ ದಿನ ಆ ಬಿಳಿ ತಟ್ಟೆಯನ್ನು ತೊಳೆದು, ಒರೆಸಿ, ಪೇಪರಿನಲ್ಲಿ ಸುತ್ತಿ ನನ್ನ ಮೇಜಿನ ಮೇಲೆ ಇಟ್ಟುಹೋದರು. ನಾನು ಅದನ್ನು ಮನೆಗೆ ತಂದು ಅಟ್ಟದ ಮೇಲೆ ಹಾಕಿದೆ. ಕಂಪ್ಯೂಟರಿನವಳಿಗೆ ತಟ್ಟೆ ಯಾಕೆ ಎಂದು ಮನಸ್ಸಿನಲ್ಲೇ ನಕ್ಕದ್ದೂ ನಿಜ.

ಸಾಹೇಬರು ತೀರಿಕೊಂಡ ಮೇಲೆ ಸ್ಟುಡಿಯೊ ಮುಚ್ಚಿತು, ನಾನು ಇಂದಿರಾನಗರಕ್ಕೆ ಬಂದೆ. ದಿನವೂ ನನ್ನ ಬಸ್ಸು ಹೋಗುತ್ತಿದ್ದದ್ದು ಹಲಸೂರಿನ ಹತ್ತಿರವೇ. ಇಳಿದು ಹತ್ತು ನಿಮಿಷ ನಡೆದರೆ ಮಾಸ್ಟರ ಮನೆ. ಮುಂದಿನ ವಾರ ಹೋಗೋಣ, ಹಬ್ಬ ಕಳೆಯಲಿ ಎನ್ನುತ್ತ ವರ್ಷಗಳು ಹೋದವು. ಹೋಗಿ ಏನು ತೋರಿಸುವುದು ಎಂಬ ಅಳುಕೂ ಇತ್ತು. ಅವರ ಹೆಂಡತಿ ಹೋದ ಸುದ್ದಿ ಬಂದಾಗ ಒಮ್ಮೆ ಹೋಗಿದ್ದೆ. ಸಂಜೆ ಮಬ್ಬು, ಮನೆ ತುಂಬ ಜನ. ಅವರು ತಲೆ ತಗ್ಗಿಸಿ ಕೂತಿದ್ದರು, ನಾನೂ ತಲೆ ತಗ್ಗಿಸಿ ಕೂತು ಬಂದೆ.

ಅವರು ಹೋದದ್ದು ಹನ್ನೊಂದು ವರ್ಷದ ಹಿಂದೆ. ಮೂರನೆಯ ದಿನ ಅವರ ಒಬ್ಬಳೇ ಮಗಳು ಸುಜಾತಾ ಇಂದಿರಾನಗರದ ಅಂಗಡಿಗೆ ಬಂದಳು. ನರ್ಸು, ಅನೇಕ ವರ್ಷ ಕೊಲ್ಲಿ ದೇಶದಲ್ಲಿದ್ದವಳು, ಅಪ್ಪನನ್ನು ಕಂಡದ್ದೇ ರಜೆಗಳಲ್ಲಿ. ಏಳನೆಯ ದಿನದ ಪ್ರಾರ್ಥನೆಗೆ ವಿಹಾರದ ಭಿಕ್ಷು ಭಂತೇಜಿ ಬರುತ್ತಾರೆ, ಅಷ್ಟರಲ್ಲಿ ಒಂದು ದೊಡ್ಡ ಫೋಟೊ ಬೇಕಿತ್ತು. ಸಾವಿರ ಜನರ ಮುಖ ತಿದ್ದಿದವರದು ಒಂದು ಸರಿಯಾದ ಫೋಟೊ ಇರಲಿಲ್ಲ. ಮದುವೆಯ ಫೋಟೊದಲ್ಲಿ ಮುಖ ಕಡಲೆಬೀಜದಷ್ಟು. ಆಧಾರ್ ಕಾರ್ಡಿನಲ್ಲಿ ಕಣ್ಣಿನ ಜಾಗದಲ್ಲಿ ಎರಡು ಮಸಿ ಚುಕ್ಕಿ. ಚೆನ್ನಾಗಿ ಬಂದಿದ್ದದ್ದು ಯಾರದೋ ಮದುವೆಯಲ್ಲಿ ತೆಗೆದ ಒಂದು ಕಲರ್ ಫೋಟೊ. ಮುಖ ಸ್ಪಷ್ಟ, ಕಿರುನಗೆ, ಆದರೆ ಫ್ಲಾಶ್ ಬಿದ್ದ ಗಳಿಗೆಗೆ ಕಣ್ಣು ಮುಚ್ಚಿಬಿಟ್ಟಿದ್ದರು.

ಸುಜಾತಾ ಅದನ್ನು ನನ್ನ ಮುಂದಿಟ್ಟು, ತಾನಾಗಿಯೇ ಕೇಳಿದಳು. "ನಾನ್ ಕೂತ್ಕೋಬೇಕಾ ಅಕ್ಕಾ? ಅಪ್ಪ ಎಲ್ಲಾರ್ನೂ ಕೂರ್ಸೋರು. ಏನ್ ಕೇಳ್ತೀರೋ ಕೇಳಿ, ನಂಗೆ ನೆನಪಿರೋದೆಲ್ಲಾ ಹೇಳ್ತೀನಿ."

"ಬೇಡಮ್ಮಾ" ಎಂದೆ. "ನಿಮ್ಮಪ್ಪನ ಕಣ್ಣು ನಂಗೆ ಗೊತ್ತಿಲ್ವಾ? ಹದಿನಾರು ವರ್ಷ ಪಕ್ಕದಲ್ಲೇ ಕೂತಿದ್ದೆ."

ಅವಳು ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡು ಹೋದಳು. ನಾನು ಪರದೆಯ ಮುಂದೆ ಕೂತೆ. ಕಣ್ಣು ಮುಚ್ಚಿ ಮಾಸ್ಟರನ್ನು ನೆನೆದೆ. ಕೈ ಬಂತು. ಎಡ ಹೆಬ್ಬೆರಳ ಉಗುರಿನಲ್ಲಿ ಸೇರಿಕೊಂಡು ಎಂದೂ ಹೋಗದ ಕಂದು ಬಣ್ಣ ಬಂತು. ಮಣಿಕಟ್ಟಿನ ಮೂಳೆ, ಅಂಗಿಯ ಮಡಿಕೆ, ಟೀ ಲೋಟ ಹಿಡಿಯುವ ರೀತಿ, ಎಡಗಿವಿಯ ಹಿಂದಿನ ನರೆಗೂದಲು, ಎಲ್ಲ ಬಂತು. ಕಣ್ಣು ಬರಲಿಲ್ಲ. ಹದಿನಾರು ವರ್ಷ ನಾನು ಅವರ ಎಡಗಡೆ ಕೂತಿದ್ದೆ, ಅವರು ಬಗ್ಗಿ ಕೂತಿದ್ದರು, ನನ್ನ ಕಡೆಯ ಕಣ್ಣಿಗೊಂದು ಭೂತಗನ್ನಡಿ. ಹಿರಿಯರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಬಾರದೆಂದು ಬೆಳೆಸಿದ್ದರು ನನ್ನನ್ನು. ಮಾತಾಡಿಸಿದಾಗಲೂ ನಾನು ನೋಡುತ್ತಿದ್ದದ್ದು ಅವರು ಬರೆದ ಕಣ್ಣನ್ನೇ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರೆ. ಅಲ್ಲಿ ಕೂತವಳು ನಾನು.

ಫೋನು ಕೈಗೆ ತೆಗೆದುಕೊಂಡೆ, ಕೆಳಗಿಟ್ಟೆ. ಆ ಹುಡುಗಿಗೆ ಏನೆಂದು ಹೇಳುವುದು? ನಿಮ್ಮಪ್ಪನ ಕಣ್ಣು ನಾನು ನೋಡೇ ಇಲ್ಲ, ಬಾ ಕೂತ್ಕೋ ಎನ್ನುವುದೇ? ಒಂದು ಮಾತು. ಅಷ್ಟು ಹೇಳಿದ್ದರೆ ಅವಳು ಆಟೊ ಹಿಡಿದು ಅರ್ಧ ಗಂಟೆಯಲ್ಲಿ ಬರುತ್ತಿದ್ದಳು. ಮಾನ ಅಡ್ಡ ಬಂತು. ಶಿವಾಜಿನಗರದಿಂದ ಜೊತೆಗೆ ತಂದಿದ್ದ ಕಣ್ಣುಗಳ ಫೋಲ್ಡರ್ ತೆರೆದೆ. ಗಂಡಸರು, ವಯಸ್ಸಾದವರು. ಅದರಲ್ಲಿ ಸೌಮ್ಯವಾದ, ಕರಿಯ ಪಾಪೆಯ ಒಂದು ಜೋಡಿ ಆರಿಸಿ ಮಾಸ್ಟರ ಮುಖದಲ್ಲಿ ಕೂರಿಸಿದೆ. ಒಂದು ರೆಪ್ಪೆಯನ್ನು ಸ್ವಲ್ಪ ಇಳಿಸಿದೆ, ಅವರು ಕಲಿಸಿದ ಹಾಗೆ. ಒಳ್ಳೆಯ ಕೆಲಸ. ಅಂಗಡಿಯವರೆಲ್ಲ ಮೆಚ್ಚಿದರು. ಸುಜಾತಾ ಅದನ್ನು ಎದೆಗೊತ್ತಿಕೊಂಡು ಅತ್ತಳು. ಅಪ್ಪನೇ ನೋಡ್ದಂಗಿದೆ ಅಕ್ಕಾ ಎಂದಳು. ನಾನು ಅವಳ ತಲೆ ನೇವರಿಸಿದೆ. ನನ್ನ ಜೀವನದಲ್ಲಿ ಅದಕ್ಕಿಂತ ನೀಚ ಕೆಲಸ ನಾನು ಮಾಡಿಲ್ಲ.

ಆಮೇಲಿನ ವರ್ಷಗಳಲ್ಲಿ ಸುಜಾತಾ ಹಲಸೂರಿನ ಮನೆಯಲ್ಲೇ ನೆಲೆಸಿದಳು. ಹುಣ್ಣಿಮೆಯ ಬುದ್ಧವಂದನೆಗೆ ಕರೆಯುತ್ತಿದ್ದಳು, ನಾನು ಏನಾದರೊಂದು ನೆಪ ಹೇಳುತ್ತಿದ್ದೆ. ನಿವೃತ್ತಳಾಗಿ ಹೊರಮಾವಿನಲ್ಲಿ ಮನೆ ಮಾಡಿದ ಮೇಲೆ ನೆಪಗಳು ಮುಗಿದವು. ಕೆಲವು ತಿಂಗಳ ಹಿಂದೆ ಹೋದೆ. ನಡುಮನೆಯಲ್ಲಿ ಬುದ್ಧನ ಒಂದು ಪುಟ್ಟ ಮೂರ್ತಿ, ಅರೆಮುಚ್ಚಿದ ಕಣ್ಣು. ಅದರ ಮೇಲೆ ಗೋಡೆಯಲ್ಲಿ ಮಾಸ್ಟರ್, ಯಾರದೋ ಕಣ್ಣು ಬಿಟ್ಟುಕೊಂಡು. ದೀಪ ಹಚ್ಚಿ ಕೈಮುಗಿದು ಸುಜಾತಾ ಕಾಫಿ ತಂದಳು. ಫೋಟೊ ನೋಡುತ್ತ ಸುಮ್ಮನೆ ಏನೋ ನೆನೆದವಳಂತೆ ಹೇಳಿದಳು.

"ಚಿಕ್ಕೋಳಿದ್ದಾಗ ಅಪ್ಪ ಸೈಕಲ್ಲಲ್ಲಿ ಕೆರೆ ಹತ್ರ ಕರ್ಕೊಂಡ್ ಹೋಗೋರು. ಬಿಸ್ಲಿಗೆ ತಿರುಗಿದ್ರೆ ಅವರ ಕಣ್ಣು ಜೇನಿನ ಥರ ಕಾಣ್ತಿತ್ತು ಅಂತ ನಂಗೊಂದು ನೆನಪಿತ್ತು ಅಕ್ಕಾ. ಎಷ್ಟೋ ವರ್ಷ ಹಂಗೇ ಅನ್ಕೊಂಡಿದ್ದೆ. ಆದ್ರೆ ಫೋಟೋದಲ್ಲಿ ಕಪ್ಪಗಿದೆಯಲ್ಲಾ. ನಾನೇ ಏನೋ ಕಲ್ಪಿಸ್ಕೊಂಡಿದ್ದೆ ಅನ್ಸತ್ತೆ."

ಅಪ್ಪನದೆಂದು ಅವಳ ಬಳಿ ಉಳಿದಿದ್ದ ಒಂದು ನೆನಪನ್ನು ನನ್ನ ಫೋಟೊ ಸುಳ್ಳು ಮಾಡಿಹಾಕಿತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹನ್ನೊಂದು ವರ್ಷ ಸುಮ್ಮನಿದ್ದವಳಿಗೆ ಇನ್ನೊಂದು ಗಳಿಗೆ ಏನು ಮಹಾ. ಆದರೆ ಆವತ್ತು ಆಗಲಿಲ್ಲ. ಎಲ್ಲ ಹೇಳಿದೆ, ಫೋಲ್ಡರಿನ ವಿಷಯ, ಫೋನು ಎತ್ತಿ ಇಟ್ಟದ್ದು, ಎಲ್ಲ. ಸುಜಾತಾ ಲೋಟವನ್ನು ನೆಲದ ಮೇಲಿಟ್ಟಳು.

"ಮತ್ತೆ ಇದು ಯಾರ ಕಣ್ಣು?"

ಅವಳಪ್ಪ ಕೇಳಿದ್ದ ಅದೇ ಪ್ರಶ್ನೆ. "ಗೊತ್ತಿಲ್ಲಮ್ಮಾ" ಎಂದೆ.

ಅವಳು ನನ್ನನ್ನು ಬೈಯಲಿಲ್ಲ. ಬೈಯದೆ ಪಕ್ಕದಲ್ಲಿಟ್ಟು ಎದ್ದು ಹೋಗುವ ಗುಣ ಆ ಮನೆತನದ್ದೇ ಇರಬೇಕು. ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ನಾನೇ ಬಾಗಿಲು ಎಳೆದುಕೊಂಡು ಹೊರಟುಬಂದೆ.

ಮುಂದಿನ ಭಾನುವಾರ ಬೆಳಿಗ್ಗೆ ಅವಳೇ ಹೊರಮಾವಿಗೆ ಬಂದಳು. ಕೈಯಲ್ಲಿ ಆ ಹಳೆಯ ಫೋಟೊ, ಕಣ್ಣು ಮುಚ್ಚಿದ್ದು. ನಾನು ಹೇಳುವ ಮೊದಲೇ ಕುರ್ಚಿಯನ್ನು ಕಿಟಕಿಗೆ ಎಳೆದುಕೊಂಡು ಮುಖವೆತ್ತಿ ಕೂತಳು. ಅವಳ ಕಣ್ಣನ್ನು ನಾನು ಮೊದಲ ಬಾರಿಗೆ ಸರಿಯಾಗಿ ನೋಡಿದೆ. ಕಡು ಕಪ್ಪು. ನನ್ನದು ಅಮ್ಮನ ಕಣ್ಣು ಎಂದಳು. ಹಾಗಾದರೆ ಉಳಿದದ್ದು ಅವಳ ಮಾತಿನ ಸಾಕ್ಷಿ ಮಾತ್ರ. ಅಟ್ಟದಿಂದ ತಟ್ಟೆ ಇಳಿಸಿದೆ. ಪೇಪರು ಬಿಚ್ಚಿದರೆ ಮಾಸ್ಟರ್ ಒರೆಸಿಟ್ಟ ಹಾಗೇ ಬೆಳ್ಳಗಿತ್ತು. ಮೂಲೆ ಸೇರಿದ್ದ ಬಣ್ಣದ ಟ್ಯೂಬುಗಳಲ್ಲಿ ಒಣಗದೆ ಉಳಿದವನ್ನು ಹಿಂಡಿ, ಕಂದಿಗೆ ಹಳದಿ ಬೆರೆಸಿ ಒಂದು ಜೇನು ಬಣ್ಣ ಮಾಡಿದೆ.

ಹೀಗಿತ್ತಾ ಎಂದು ಕೇಳಿದೆ. ಇನ್ನೂ ತಿಳಿ ಎಂದಳು. ತಿಳಿ ಮಾಡಿದೆ. ಇಷ್ಟಲ್ಲ, ಸ್ವಲ್ಪ ಕೆಂಪು ಇತ್ತು ಎಂದಳು. ಕೆಂಪು ಬೆರೆಸಿದೆ. ಇರಬಹುದು ಎಂದಳು, ಆಮೇಲೆ ತಲೆಯಾಡಿಸಿದಳು. ತಟ್ಟೆಯ ತುಂಬ ಚುಕ್ಕಿಗಳಾದವು. ಬಿಸಿಲು ಕಿಟಕಿಯಿಂದ ಸರಿದು ಗೋಡೆಗೆ ಹೋಯಿತು. ಸುಜಾತಾ ಎರಡು ಚುಕ್ಕಿಗಳ ನಡುವೆ ಬೆರಳು ಆಡಿಸುತ್ತ ಕೂತಿದ್ದಳು. ಇದು, ಅಲ್ಲ ಇದು, ಅಲ್ಲ. ಕೊನೆಗೆ ಕೈ ಹಿಂದಕ್ಕೆ ತೆಗೆದುಕೊಂಡಳು.

"ಗೊತ್ತಾಗ್ತಿಲ್ಲ ಅಕ್ಕಾ. ನೆನೆಸ್ಕೊಂಡ್ರೆ ಫೋಟೋದ ಕಣ್ಣೇ ಬರತ್ತೆ. ಆವತ್ತು ಕೇಳಿದ್ದಿದ್ರೆ ಹೇಳ್ಬಿಡ್ತಿದ್ದೆ."

ಫೋಟೊವನ್ನು ಕಣ್ಣು ಮುಚ್ಚಿದ ಹಾಗೇ ಚೀಲದಲ್ಲಿಟ್ಟುಕೊಂಡು ಹೋದಳು. ಆ ತಟ್ಟೆ ನನ್ನ ಮೇಜಿನ ಮೇಲಿದೆ. ನಾನಿನ್ನೂ ತೊಳೆದಿಲ್ಲ.